ಅತ್ತಿಗೆಯನ್ನು ಕಂಡರೆ ಕೂಗುವ ಮಿಷನ್ನು

ಆಗಸ್ಟ್ 9, 2003, ಶನಿವಾರ

ಅತ್ತಿಗೆ ಇವತ್ತು ಮಗುವನ್ನು ಎತ್ತಿಕೊಳ್ಳಲಿಲ್ಲ.

ಅಣ್ಣ ಅತ್ತಿಗೆ ಇಬ್ಬರೂ ಬೆಂಗಳೂರಿನ ಆಸ್ಪತ್ರೆಯಿಂದ ಸಂಜೆಯ ಬಸ್ಸಿಗೆ ಬಂದರು. ದೀಪ ನನ್ನ ಕಂಕುಳಲ್ಲಿದ್ದಳು. ತಾಯಿಯನ್ನು ಕಂಡದ್ದೇ ಒದೆದುಕೊಂಡು ಇಳಿದು ಓಡಿದಳು. ಎರಡು ವರ್ಷ ತುಂಬದ ಮಗು, ಅಂಗಳದ ನಡುವೆ ಒಮ್ಮೆ ಬಿದ್ದು, ಅಳದೆ ಎದ್ದು, ಮತ್ತೆ ಓಡಿದಳು. ಅತ್ತಿಗೆ ಹಿಂದಕ್ಕೆ ಸರಿದಳು. ಹಾಯುವ ದನ ಎದುರಿಗೆ ಬಂದರೆ ಸರಿಯುವ ಹಾಗೆ ಸರಿದಳು. "ತಕ್ಕೊಳ್ಳಿ ಮಗೀನ, ನನ್ನತ್ರಕ್ಕೆ ಬುಡಬ್ಯಾಡಿ" ಎಂದು ಕೂಗಿದಳು.

ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಅಣ್ಣ ಅಂದ: "ಸುಸ್ತದೆ ಕಣವ್ವ. ಒಂದೀಸು ದಿನ ಒಬ್ಳೇ ಮನೀಕೊಬೇಕು ಅಂತ ಡಾಕ್ಟ್ರು ಯೋಳವ್ರೆ." ಹುಳದ ಮನೆಯನ್ನು ಗುಡಿಸಿ ಚಾಪೆ ಹಾಕು ಅಂತ ನನಗೆ ಹೇಳಿದ. ಈ ಸಲದ ರೇಷ್ಮೆಗೂಡು ಮಾರಿ ಆ ಕೋಣೆ ಖಾಲಿಯಿದೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದೆ.

"ಅಲ್ಲಿ ಏನ್ ಕೊಟ್ರು?" ಅಂತ ಅವ್ವ ಕೇಳಿದಳು.

"ಔಸ್ದಿ" ಅಂದ ಅಣ್ಣ. ಅಷ್ಟೇ.

ಈ ಡೈರಿ ಗೊಬ್ಬರದ ಅಂಗಡಿಯವರು ಅಣ್ಣನಿಗೆ ಕೊಟ್ಟದ್ದು. ಅವನು ಬರೆಯುವುದಿಲ್ಲ. ನಾಲ್ಕನೇ ತರಗತಿಗೆ ಸ್ಕೂಲು ಬಿಟ್ಟ ನಾನು ಬರೆಯುತ್ತೇನೆ. ಎದುರಿಗೆ ಜನ ನಿಂತರೆ ನನಗೆ ಮಾತು ಹೊರಡುವುದಿಲ್ಲ. ಹಾಳೆ ನನ್ನ ಮುಖ ನೋಡುವುದಿಲ್ಲ.

ಆಗಸ್ಟ್ 11, ಸೋಮವಾರ

ಅಣ್ಣ ನಿನ್ನೆಯೇ ಕೊಳ್ಳೇಗಾಲಕ್ಕೆ ಹೋದ. ಅಲ್ಲಿ ನೂಲು ಹುರಿಗೊಳಿಸುವ ಕಾರ್ಖಾನೆಯಲ್ಲಿ ಅವನ ಕೆಲಸ. ಶನಿವಾರ ಬರುತ್ತಾನೆ.

ಅತ್ತಿಗೆಗೆ ಊಟ ಕೊಡುವುದು ನನ್ನ ಕೆಲಸ. ತಟ್ಟೆ ಹಿಡಿದು ಹೊಸ್ತಿಲು ದಾಟುವ ಮೊದಲೇ ಒಳಗಿನಿಂದ ಅಂದಳು: "ಅಲ್ಲೇ ಮಡಗಿ ಓಗು ಬಸಮಣಿ."

ನಿನ್ನೆಯೂ ಅದೇ ಮಾತು. ಮುಂಚೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಉಣ್ಣುತ್ತಿದ್ದವಳು. ಈಗ ನನ್ನ ಕೈಯಿಂದ ತಟ್ಟೆ ಈಸಿಕೊಳ್ಳುವುದಿಲ್ಲ.

ಯಾಕೆ ಅಂತ ನನಗೆ ಗೊತ್ತು. ಒಂದು ವರ್ಷದಿಂದ ಅತ್ತಿಗೆ ಸವೆಯುತ್ತಿದ್ದಾಳೆ. ಎರಡಾಳಿನ ಊಟ ಉಂಡರೂ ಮೈಗೆ ಹತ್ತುವುದಿಲ್ಲ. ಕೈ ನಡುಗುತ್ತದೆ, ಕಣ್ಣು ಮುಂದಕ್ಕೆ ಬಂದಿವೆ, ಕುಳಿತಲ್ಲೇ ಎದೆ ಬಡಿದುಕೊಳ್ಳುತ್ತದೆ. ಕತ್ತು ಊದಿಕೊಂಡಿದೆ, ಅದು ಕಾಣದ ಹಾಗೆ ಸೆರಗು ಸುತ್ತಿಕೊಳ್ಳುತ್ತಾಳೆ. ಪಕ್ಕದ ಮನೆಯ ರಾಚಮ್ಮ ಮೊದಲ ದಿನವೇ ಹೇಳಿದಳು, "ಇದು ಕಾಯಿಲೆ ಅಲ್ಲ, ಮದ್ದು." ಆಗದವರು ಅನ್ನದಲ್ಲಿ ಕಲಸಿ ಹಾಕುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಆಳನ್ನು ಒಳಗಿನಿಂದ ತಿನ್ನುತ್ತದೆ. ನಮ್ಮ ಕಡೆ ಹೀಗೆ ಹೋದವರ ಕಥೆ ಮನೆಗೊಂದಿದೆ.

ನಮ್ಮ ಮನೆಯಲ್ಲಿ ಅಡುಗೆ ಮಾಡುವವಳು ನಾನು.

ಆಗಸ್ಟ್ 14, ಗುರುವಾರ

ಇವತ್ತು ತಟ್ಟೆ ಇಟ್ಟು ಹೋದ ಹಾಗೆ ಮಾಡಿ ಕದದ ಹಿಂದೆ ನಿಂತೆ. ಅತ್ತಿಗೆ ಬಂದು ತಟ್ಟೆ ತೆಗೆದುಕೊಂಡಳು. ಮುದ್ದೆ, ಹುರುಳಿ ಸಾರು ಎಲ್ಲ ಉಂಡಳು. ಬೆರಳು ನೆಕ್ಕಿದಳು. ನನ್ನ ಕೈಯ ಮೇಲೆ ಅನುಮಾನವಿದ್ದರೆ ಯಾಕೆ ಉಣ್ಣುತ್ತಾಳೆ? ನಾನು ನಿಂತಾಗ ಯಾಕೆ ಉಣ್ಣುವುದಿಲ್ಲ?

ತಟ್ಟೆಯನ್ನು ತಾನೇ ತೊಳೆಯುತ್ತಾಳೆ. ಬಟ್ಟೆಯನ್ನು ಬೇರೆ ಒಗೆದು ಹಿಂದಿನ ಬೇಲಿಗೆ ಹಾಕುತ್ತಾಳೆ. ಕಕ್ಕಸಿಗೆ ಹೋದರೆ ಎರಡು ಸಲ ನೀರು ಹುಯ್ಯುವ ಸದ್ದು. ಏನನ್ನೋ ತೊಳೆದು ಹಾಕುತ್ತಿದ್ದಾಳೆ.

ಆಗಸ್ಟ್ 17, ಭಾನುವಾರ

ಚೆಕ್‌ಪೋಸ್ಟಿನ ಪೊಲೀಸು ಪುಟ್ಟಮಾದಪ್ಪ ಮಜ್ಜಿಗೆ ಕುಡಿಯಲು ಬಂದಿದ್ದ. ಹನೂರು ದಾಟಿ ರಾಮಾಪುರದ ಕಡೆ ಹೋಗುವ ರಸ್ತೆಯಲ್ಲಿ ಆ ಚೆಕ್‌ಪೋಸ್ಟು ಮೊದಲಿನಿಂದಲೂ ಇದೆ. ಕಾಡುಗಳ್ಳರಿಗೆ ಅಕ್ಕಿ ಸಾಗಿಸುತ್ತೀರಾ, ಟಾರ್ಚಿಗೆ ಸೆಲ್ಲು ಒಯ್ಯುತ್ತೀರಾ ಅಂತ ಬಸ್ಸಿನಿಂದ ಇಳಿಸಿ ಹುಡುಕುತ್ತಾರೆ. ನಮಗೆ ಅಭ್ಯಾಸವಾಗಿದೆ. ಈಗ ಅಲ್ಲಿಗೆ ಹೊಸ ಮಿಷನ್ನು ಬಂದಿದೆಯಂತೆ.

"ಮ್ಯಾಲಿನ ಕರೆಂಟ್ ಪ್ರಾಜೆಟ್ಟಲ್ಲಿ ಪೈಪಿನ ಬೆಸ್ಗೆ ಸರಿಯಾಗದಾ ಅಂತ ಪೋಟೋ ತೆಗ್ಯೋ ಒಂದು ಪೆಟ್ಗೆ ಇತ್ತಂತೆ. ಯಾವನೋ ಒತ್ಕಂಡೋಗವ್ನೆ" ಅಂದ.

"ಪೋಟೋ ಪೆಟ್ಗೆಗೆ ಇಷ್ಟೊಂದಾ?" ಅಂದಳು ಅವ್ವ.

"ಅದ್ರೊಳ್ಗೆ ಕಣ್ಗೆ ಕಾಣದ ಬೆಂಕಿ ಅದೆ ಕಣಕ್ಕ. ಜೇಬಲ್ಲಿ ಮಡಿಕಂಡ್ರೆ ತೊಡೆ ಸುಟ್ಟೋಯ್ತದಂತೆ. ಅದು ಹತ್ರ ಬಂದ್ರೆ ಮಿಷಿನ್ನು ಕೂಕ್ಕತದೆ. ಕೂಗುದ್ರೆ ಇಡ್ಕಳಿ ಅಂತ ನಮ್ಗೆ ಆಡ್ರು. ಇಷ್ಟು ದಿನ ಕೂಗಿಲ್ಲ, ನಮ್ಗೂ ಬ್ಯಾಸ್ರ ಆಗದೆ."

ಅವನು ನಕ್ಕ. ನಾನು ನಗಲಿಲ್ಲ. ಹುಳದ ಮನೆಯ ತೊಲೆಗೆ ಬಾಯಿ ಕಟ್ಟಿದ ಯೂರಿಯಾ ಚೀಲವೊಂದು ನೇತಾಡುತ್ತಿರುವುದನ್ನು ಮೊನ್ನೆಯೇ ಕಂಡಿದ್ದೆ.

ಆಗಸ್ಟ್ 20, ಬುಧವಾರ

ಅತ್ತಿಗೆ ಸ್ನಾನಕ್ಕೆ ಹೋದಾಗ ಚೀಲ ಬಿಚ್ಚಿದೆ. ಪೆಟ್ಟಿಗೆ ಇರಲಿಲ್ಲ. ಆಸ್ಪತ್ರೆಗೆ ಉಟ್ಟುಹೋದ ಸೀರೆ, ಒಂದು ಟವೆಲು, ಮತ್ತು ದೀಪಳ ಹಳದಿ ಫ್ರಾಕು. ಹತ್ತು ದಿನದಿಂದ ನಾನು ಹುಡುಕುತ್ತಿದ್ದ ಫ್ರಾಕು.

ಮಗುವನ್ನು ಮುಟ್ಟದವಳಿಗೆ ಮಗುವಿನ ಬಟ್ಟೆ ಯಾಕೆ? ಉಟ್ಟ ಬಟ್ಟೆ ಇಟ್ಟುಕೊಂಡು ಏನೇನು ಮಾಡಿಸುತ್ತಾರೆ ಅಂತ ರಾಚಮ್ಮ ಹೇಳಿದ್ದಾಳೆ. ಬಾಯಿ ಕಟ್ಟಿ ಇದ್ದ ಹಾಗೇ ಇಟ್ಟೆ. ಕೈಯನ್ನು ಎರಡು ಸಲ ತೊಳೆದುಕೊಂಡೆ.

ಆಗಸ್ಟ್ 24, ಭಾನುವಾರ

ಯಳಂದೂರಿನವರು ಗೌರಿ ಹಬ್ಬ ಕಳೆದ ಮೇಲೆ ನನ್ನನ್ನು ನೋಡಲು ಬರುತ್ತಾರಂತೆ. ಹುಡುಗನ ಹೆಸರು ರಂಗರಾಜು. ತಾಲೂಕು ಕಚೇರಿಯಲ್ಲಿ ಜವಾನ. ಒಂದು ಸಲ ಬಸ್ ನಿಲ್ದಾಣದಲ್ಲಿ ದೂರದಿಂದ ನೋಡಿದ್ದೇನೆ. ಛತ್ರಿಯನ್ನು ಜೋಪಾನವಾಗಿ ಮಡಿಸುತ್ತಿದ್ದ. ಬೇರೇನೂ ಗೊತ್ತಿಲ್ಲ. ಅಷ್ಟೇ ಸಾಕು ಅನ್ನಿಸಿತ್ತು.

ಅದಲ್ಲ ಬರೆಯಬೇಕಾದ್ದು. ಬೆಳಿಗ್ಗೆ ಹುಳದ ಮನೆಯ ಹೊರಗೆ ಅಣ್ಣ ನಿಂತು ಪಿಸುಗುಡುತ್ತಿದ್ದ. ಸೊಪ್ಪು ಬಿಡಿಸುತ್ತಿದ್ದ ನನಗೆ ಕೇಳಿಸಿತು.

"ಬಸಮಣಿದು ಆಗೋಗಂಟ ಬಾಯ್ ಬುಡಬ್ಯಾಡ. ನಮ್ಮವ್ವಂಗೂ ಯೋಳಬ್ಯಾಡ. ಆಮೇಲೆ ಏನಾರ ಆಗ್ಲಿ."

"ಬಸಮಣಿ ನನ್ನ ಮಕ ಎಂಗ್ ನೋಡ್ತಳೆ ಗೊತ್ತಾ?" ಇದು ಅತ್ತಿಗೆ.

"ನೋಡ್ಲಿ ಬುಡು."

ನನ್ನದು ಆಗುವ ತನಕ. ಏನು ಆಗುವ ತನಕ? ಈ ಮನೆಯಲ್ಲಿ ಎಲ್ಲರಿಗೂ ಒಂದು ಗೊತ್ತಿದೆ, ನನಗೊಬ್ಬಳಿಗೆ ಗೊತ್ತಿಲ್ಲ. ನನ್ನನ್ನು ಸಾಗಹಾಕಿ ಆಮೇಲೆ ಏನೋ ಮಾಡುತ್ತಾರೆ.

ಆಗಸ್ಟ್ 29, ಶುಕ್ರವಾರ

ಅತ್ತಿಗೆಯ ತಾಯಿ ಕೆಂಪಾಜತ್ತೆ ಹೂಗ್ಯಂನಿಂದ ಗೌರಿ ಬಾಗಿನ ಹೊತ್ತು ಬಂದರು. ಮಗಳು ಹುಳದ ಮನೆಯಲ್ಲಿರುವುದನ್ನು ಕಂಡು ಬಾಗಿನದ ಮೊರವನ್ನು ನೆಲಕ್ಕೆ ಇಟ್ಟೇಬಿಟ್ಟರು.

"ಏನ್ ಬೀಗಿತ್ತಿ, ನಮ್ಮುಡುಗೀನೂ ಹುಳ ಅನ್ಕಂಡ್ಯಾ? ಸೊಪ್ಪಾಕಿ ಸಾಕ್ತಿದ್ದೀಯಾ?"

"ಅವಳೇ ಓಗಿ ಮನೀಕಂಡವ್ಳೆ ಕಣವ್ವ, ನಾವ್ ಕಳ್ಸಿಲ್ಲ" ಅಂದಳು ಅವ್ವ.

"ಮಗೀನೂ ಎತ್ಕಳದಿಲ್ಲ ಅಂದ್ರೆ ಒಳ್ಗೆ ಏನೋ ಸೇರದೆ. ಯಾರ್ ಸೇರ್ಸುದ್ರು ಅಂತ ನಂಗೂ ಗೊತ್ತು."

ಊಟಕ್ಕೆ ಎಲೆ ಹಾಕಿದೆ. ಅವರು ಕೂರಲಿಲ್ಲ. ಆಗ ಅವ್ವ ನನ್ನನ್ನು ಕರೆದಳು. "ಬಾ ಇಲ್ಲಿ. ಅತ್ತೆ ಮುಂದೆ ತಿನ್ನು" ಅಂದಳು. ಮದ್ದಿನ ಅನುಮಾನ ಬಂದ ಮನೆಯಲ್ಲಿ ಹೀಗೇ. ಅಡುಗೆ ಮಾಡಿದವರು ಬಡಿಸಿದ್ದರಿಂದಲೇ ಒಂದು ತುತ್ತು ಮೊದಲು ತಿಂದು ತೋರಿಸಬೇಕು. ಅವರ ಎಲೆಯಿಂದ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡೆ. ನುಂಗಲು ಬಹಳ ಹೊತ್ತು ಹಿಡಿಯಿತು. ಕೆಂಪಾಜತ್ತೆ ನನ್ನ ಗಂಟಲನ್ನೇ ನೋಡುತ್ತಿದ್ದರು.

ತಿಂದ ಮೇಲೂ ಅವರು ಉಣ್ಣಲಿಲ್ಲ. ತಾವು ತಂದಿದ್ದ ಪುರಿ ತಿಂದು ನೀರು ಕುಡಿದರು. ನೀರನ್ನೂ ತಾವೇ ಸೇದಿಕೊಂಡರು.

ಆಗಸ್ಟ್ 30, ಶನಿವಾರ, ಗೌರಿ ಹಬ್ಬ

ಅಕ್ಷರ ಓರೆಯಾಗುತ್ತಿದೆ.

ಕೆಂಪಾಜತ್ತೆ ಮಗಳನ್ನು ಹೂಗ್ಯಂಗೆ ಕರೆದುಕೊಂಡು ಹೋಗುತ್ತೇನೆ ಅಂತ ಹಟ ಹಿಡಿದರು. ಮಗುವನ್ನು ಅತ್ತಿಗೆ ಎತ್ತುವುದಿಲ್ಲವಲ್ಲ, ದೀಪಳನ್ನು ಎತ್ತಿಕೊಂಡು ನಾನೂ ಹೊರಟೆ. ಬಸ್ಸಿನಲ್ಲಿ ಅತ್ತಿಗೆ ಎಲ್ಲರಿಗಿಂತ ಹಿಂದೆ ಒಬ್ಬಳೇ ಕುಳಿತಳು. ಬಸುರಿಯೊಬ್ಬಳು ಪಕ್ಕಕ್ಕೆ ಬಂದಾಗ ಎದ್ದು ನಿಂತುಬಿಟ್ಟಳು. ಅದನ್ನೂ ನೋಡಿದೆ.

ಚೆಕ್‌ಪೋಸ್ಟಿನಲ್ಲಿ ಎಲ್ಲರನ್ನೂ ಇಳಿಸಿದರು. ಪುಟ್ಟಮಾದಪ್ಪನ ಕೈಯಲ್ಲಿ ಟಾರ್ಚಿನಷ್ಟು ದೊಡ್ಡ ಮಿಷನ್ನು. ಒಬ್ಬೊಬ್ಬರ ಮುಂದೆ ಹಿಡಿದರೆ ಹಲ್ಲಿ ಲೊಚಗುಟ್ಟಿದ ಹಾಗೆ ಒಂದೆರಡು ಸದ್ದು, ಅಷ್ಟೇ. ಅತ್ತಿಗೆ ಇನ್ನೂ ಮೆಟ್ಟಿಲಿನಿಂದ ಕಾಲು ಕೆಳಗೆ ಇಟ್ಟಿರಲಿಲ್ಲ, ಅದು ಕಿರುಚಿತು. ಹುರಿಯುವ ಬಾಣಲೆಗೆ ನೀರು ಬಿದ್ದ ಹಾಗೆ. ಪುಟ್ಟಮಾದಪ್ಪನೇ ಬೆಚ್ಚಿ ಅದನ್ನು ಬೀಳಿಸುವುದರಲ್ಲಿದ್ದ.

ಜನ ಹಿಂದಕ್ಕೆ ಸರಿದರು. ಬಾಗಿನದ ಮೊರವನ್ನು ಅತ್ತಿಗೆಯಿಂದ ದೂರ ಒಯ್ದು ಮಿಷನ್ನು ಹಿಡಿದರು, ಸುಮ್ಮನಿತ್ತು. ಬಳೆ ಬಿಚ್ಚಿಸಿದರು. ತೋಳಿನ ತಾಯಿತ ಕತ್ತರಿಸಿದರು. ಕೊನೆಗೆ ತಾಳಿಯನ್ನೂ ತೆಗೆಸಿ ಕಲ್ಲಿನ ಮೇಲೆ ಇಟ್ಟು ನೋಡಿದರು. ಯಾವುದರಲ್ಲೂ ಇಲ್ಲ. ಅತ್ತಿಗೆಯ ಹತ್ತಿರ ಬಂದರೆ ಮತ್ತೆ ಅದೇ ಕಿರುಚಾಟ. ಹೆಂಗಸಲ್ಲವೇ, ಮೈಗೆ ತಾಗಿಸಿ ಹಿಡಿಯಲು ಅವನಿಗೆ ನಾಚಿಕೆ. ಮಾರು ದೂರದಿಂದ ಹಿಡಿದು, "ಏನ್ ಬಚ್ಚಿಟ್ಟಿದ್ದೀಯವ್ವ, ಯೋಳ್ಬುಡು" ಅನ್ನುತ್ತಿದ್ದ.

"ಏನೂ ಇಲ್ಲ ಕಣಣ್ಣ" ಅಂದಳು ಅತ್ತಿಗೆ. ಸೆರಗನ್ನು ಕತ್ತಿಗೆ ಇನ್ನಷ್ಟು ಬಿಗಿದುಕೊಂಡಳು.

"ಆಸ್ಪತ್ರೆಗೆ ಓಗಿದ್ಲು, ಪಾಪ" ಅಂತ ಯಾರೋ ಅಂದರು.

"ಆಸ್ಪತ್ರೆಗೆ ಓದೋರು ಊರ್ಗೊಬ್ರವ್ರೆ, ಅವರ್ನೆಲ್ಲ ಕಂಡು ಮಿಷಿನ್ನು ಕೂಕ್ಕತದಾ?" ಅಂದ ಕಂಡಕ್ಟರು.

ಆಗ ಕೆಂಪಾಜತ್ತೆ ಎದೆ ಬಡಿದುಕೊಂಡರು. "ಚೀಲದಲ್ಲಿ ಉಡುಕುದ್ರೆ ಎಲ್ಲಿದ್ದದು ಸಾ? ಒಟ್ಟೇಲದೆ! ಮದ್ದಾಕವ್ರೆ ನನ್ ಮಗ್ಳಿಗೆ! ಅಡ್ಗೆ ಮಾಡೋಳು ಇಗೋ ಇವಳೇ!"

ಬಸ್ಸಿನ ಜನವೆಲ್ಲ ನನ್ನ ಕಡೆ ತಿರುಗಿತು. ನಾನು ದೀಪಳ ಬೆನ್ನಿನಲ್ಲಿ ಮುಖ ಮರೆಸಿಕೊಂಡೆ. ಪುಟ್ಟಮಾದಪ್ಪ ದೂರ ನಿಂತಿದ್ದ ನನ್ನ ಹತ್ತಿರ ಬಂದು ಮಿಷನ್ನನ್ನು ನನ್ನ ಕೈಗೆ ಹಿಡಿದ. ಸುಮ್ಮನಿತ್ತು.

"ನೋಡವ್ವ, ಈ ಉಡುಗಿ ಕೈಲಿ ಏನೂ ಇಲ್ಲ."

"ಹಾಕ್ದೋಳ ಕೈಲಿ ಎಲ್ಲಿದ್ದದು? ತಿಂದೋಳ ಒಟ್ಟೇಲಿ ಇದ್ದದು!"

ಅತ್ತಿಗೆ ಮಾತ್ರ, "ಅವ್ವ, ಸುಮ್ಕಿರು. ಬಸಮಣಿ ಏನೂ ಮಾಡಿಲ್ಲ" ಅಂದಳು. ಅಷ್ಟು ಗೊತ್ತಿದ್ದವಳು ಮಾಡಿದ್ದು ಯಾರು ಅಂತ ಹೇಳಬಹುದಿತ್ತಲ್ಲ. ಹೇಳಲಿಲ್ಲ. ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

ಮಿಷನ್ನಿನ ಸಾಹೇಬರು ಮೈಸೂರಿಗೆ ಹೋಗಿದ್ದಾರೆ, ಬುಧವಾರ ಬರುತ್ತಾರೆ, ಅಲ್ಲಿಯವರೆಗೆ ಈ ಹೆಂಗಸು ಚೆಕ್‌ಪೋಸ್ಟು ದಾಟುವ ಹಾಗಿಲ್ಲ ಅಂತ ನಮ್ಮನ್ನು ವಾಪಸು ಕಳಿಸಿದರು. ಬಸ್ಸು ಮುಂದೆ ಹೋಯಿತು. ಹೂಗ್ಯಂವರೆಗೆ, ಗೋಪಿನಾಥಂವರೆಗೆ ನನ್ನ ಸುದ್ದಿಯನ್ನು ಹೊತ್ತುಕೊಂಡು ಹೋಯಿತು.

ಸೆಪ್ಟೆಂಬರ್ 1, ಸೋಮವಾರ

ಶನಿವಾರ ಅಣ್ಣ ಬರಲಿಲ್ಲ. ಹಬ್ಬಕ್ಕೂ ರಜೆ ಇಲ್ಲವಂತೆ.

ರಾಚಮ್ಮ ಮೊನ್ನೆ ನಮ್ಮಿಂದ ಹೆಪ್ಪಿಗೆ ಒಯ್ದಿದ್ದ ಮಜ್ಜಿಗೆಯನ್ನು ಬಟ್ಟಲು ಸಮೇತ ತಂದಿಟ್ಟು ಹೋದಳು. ಚೆಲ್ಲಿ ತೊಳೆದು ಕೊಟ್ಟಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಹಾಗೇ ತಂದಿದ್ದಳು.

ಮೇಲಿನ ಬೀದಿಯ ಮುದುಕಿಯೊಬ್ಬಳು ಬಂದು, "ಆ ಮಿಷಿನ್ನ ಒಂದೀಸು ನಮ್ಮನೆಗೂ ತರ್ಸವ್ವ, ನಮ್ಮ ಎಮ್ಮೆ ಹಾಲು ಕೊಡ್ತಿಲ್ಲ, ಸೊಸೆ ಮ್ಯಾಲೆ ಡೌಟದೆ" ಅಂದಳು.

ಯಳಂದೂರಿನವರು ಹೇಳಿ ಕಳಿಸಿದರು. ಈ ವರ್ಷ ಬೇಡವಂತೆ. ಬರುವ ವರ್ಷದ ಮಾತು ಎತ್ತಲಿಲ್ಲ.

ಕೆಂಪಾಜತ್ತೆ ರಾಚಮ್ಮನ ಮನೆಯಲ್ಲೇ ಉಂಡು ಮಲಗುತ್ತಿದ್ದಾರೆ. ಯಳಂದೂರಿನ ಆಚೆ ಮದ್ದು ಕೀಳುವವನೊಬ್ಬ ಇದ್ದಾನಂತೆ. ಸೊಪ್ಪಿನ ರಸ ಕುಡಿಸಿದರೆ ಮದ್ದು ವಾಂತಿಯಲ್ಲಿ ಈಚೆಗೆ ಬರುತ್ತದಂತೆ. ಬುಧವಾರ ಮಗಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಬರಲಿ, ಈಚೆಗೇ ಬರಲಿ. ಏನು ಬರುತ್ತದೆ ಅಂತ ಎಲ್ಲರೂ ನೋಡಲಿ. ಅತ್ತಿಗೆಗೆ ಏನಾದರೂ ನನಗೇನು.

ಸೆಪ್ಟೆಂಬರ್ 2, ಮಂಗಳವಾರ

ಮಧ್ಯಾಹ್ನ ತಟ್ಟೆ ಒಯ್ದೆ. "ಅಲ್ಲೇ ಮಡಗಿ ಓಗು" ಅಂದಳು. ಇಟ್ಟೆ. ಹೋಗಲಿಲ್ಲ.

"ಅತ್ತಿಗೆ, ನಾನು ನಿಂಗೆ ಮದ್ದಾಕಿದ್ದೀನಾ?"

ಹೇಗೆ ಕೇಳಿದೆನೋ. ಬಾಯಿಂದ ಬಿದ್ದ ಮೇಲೆ ಅದು ನನ್ನ ದನಿ ಅಂತ ಗೊತ್ತಾಯಿತು.

ಅತ್ತಿಗೆ ಗೋಡೆಗೆ ಒರಗಿ ಬಹಳ ಹೊತ್ತು ಅತ್ತಳು. ಆಮೇಲೆ ಸೆರಗು ಸರಿಸಿ ಕತ್ತು ತೋರಿಸಿದಳು. ಊತ ಮೊದಲಿಗಿಂತ ಇಳಿದಿತ್ತು.

"ಗಂಟ್ಲೊಳ್ಗೆ ಒಂದು ಗಡ್ಡೆ ಅದೆಯಂತೆ ಕಣವ್ವ. ಎಲ್ರಿಗೂ ಇರ್ತದಂತೆ, ನಂದು ಉಚ್ಚು ಹಿಡ್ದಂಗೆ ಕೆಲ್ಸ ಮಾಡ್ತದಂತೆ. ಅದ್ನ ಸುಡಾಕೆ ಔಸ್ದಿ. ಒಂದು ಕೋಣೆಗೆ ಕೂಡುದ್ರು. ಡಾಕ್ಟ್ರು ಕೈಗೆ ಗೌಸಾಕಂಡು, ಸೀಸದ ಡಬ್ಬಿಯಿಂದ ಇಕ್ಳದಲ್ಲಿ ತಗ್ದು ಮಡಗುದ್ರು. ನೋಡುದ್ರೆ ನೀರಿದ್ದಂಗೆ. ಕೊಳ್ವೇಲಿ ಈರ್ಕೊಳವ್ವ ಅಂದ್ಬುಟ್ಟು ಆಚೆಗೋಗಿ ಬಾಗ್ಲಾಕಂಡ್ರು. ಕೊಟ್ಟೋರೇ ಎದ್ರಕಂಡು ಆಚೆಗೋದ್ರು. ಕುಡ್ಯೋಳು ನಾನು."

ಆ ಔಷಧಿಯಲ್ಲೂ ಕಣ್ಣಿಗೆ ಕಾಣದ ಬೆಂಕಿಯೇ ಇರುವುದಂತೆ. ಪಕ್ಕದಲ್ಲಿ ಇದ್ದವರಿಗೂ ಸ್ವಲ್ಪ ತಾಗುತ್ತದಂತೆ. ಅದಕ್ಕೇ ಮೂರು ವಾರ ಮಗುವನ್ನು ಎತ್ತಬಾರದು, ಬಸುರಿಯರ ಪಕ್ಕ ಕೂರಬಾರದು, ತಟ್ಟೆ ಬಟ್ಟೆ ಬೇರೆ, ಎರಡು ಸಲ ನೀರು. ಎಲ್ಲವೂ ಡಾಕ್ಟರು ಹೇಳಿದ್ದು.

"ನಂಗೆ ಯಾಕೆ ಯೋಳ್ಲಿಲ್ಲ?"

"ಗಂಟ್ಲಿಗೆ ಬೆಂಕಿ ಕುಡ್ದವ್ಳೆ ಅಂತ ಊರ್ಗೆ ಗೊತ್ತಾದ್ರೆ ಯಾರ್ ಬಂದಾರು ಈ ಮನೇಲಿ ಹೆಣ್ಣು ಕೇಳಾಕೆ? ನಿಂದು ನಿಚ್ಚಯ ಆಗ್ಲಿ ಅಂತ ನಿಮ್ಮಣ್ಣ ಬಾಯ್ ಕಟ್ಟುದ್ರು. ಆಸ್ಪತ್ರೆ ಚೀಟೀನೂ ಅವ್ರ ಜೇಬಲ್ಲೇ ಅದೆ."

"ಫ್ರಾಕು?"

ಅತ್ತಿಗೆ ತೊಲೆಯ ಕಡೆ ನೋಡಿದಳು. "ಮೊದ್ಲೆರಡು ದಿನ ಅದ್ನ ತಬ್ಕಂಡು ಮನೀಕಂಡಿದ್ದೆ. ಆಮೇಲೆ ಇದ್ನ ತಿರ್ಗಾ ಮಗೀಗೆ ಹಾಕ್ಬುಟ್ಟೀರಿ ಅಂತ ಎದ್ರಿಕೆ ಆಯ್ತು. ಕಟ್ಟಿಟ್ಟೆ. ಮೂರು ವಾರ ಕಳ್ದೋಯ್ತು, ಆದ್ರೂ ಆ ಮಿಷಿನ್ನು ಅಂಗ್ ಕೂಕ್ಕತಲ್ಲ ಬಸಮಣಿ. ಇನ್ನೂ ಒಳ್ಗೇ ಅದೆ. ಎಂಗ್ ಎತ್ಕಳ್ಳಿ?"

ನಾನು ಒಂದು ಹೆಜ್ಜೆ ಮುಂದೆ ಹೋದೆ. "ಬ್ಯಾಡ, ಅಲ್ಲೇ ನಿಂತ್ಕ. ನಾಳೆ ನಿನ್ ಒಟ್ಟೇಲಿ ಮಕ್ಳಾಗಬೇಕು" ಅಂದಳು. ನನ್ನನ್ನು ಹೊಸ್ತಿಲ ಆಚೆಗೆ ನಿಲ್ಲಿಸಿದ್ದು ಇದಕ್ಕೆ.

ಸಂಜೆ ಅತ್ತಿಗೆ ಇದನ್ನೆಲ್ಲ ತಾಯಿಗೂ ಹೇಳಿದಳು. ಕೆಂಪಾಜತ್ತೆ ನಂಬಲಿಲ್ಲ. "ಬೆಂಕಿ ಕುಡ್ದವ್ಳಂತೆ! ನಿನ್ ಗಂಡ ಪಾಠ ಯೋಳ್ಕೊಟ್ಟವ್ನೆ. ಮಿಷಿನ್ನು ಸುಳ್ ಯೋಳ್ತದಾ?" ಅಂದರು. ನಾಳೆ ಬೆಳಿಗ್ಗೆ ಹೊರಡುವುದೇ ಅಂದರು.

ಸೊಪ್ಪು ಸದೆ ಕುಡಿಯಬೇಡಿ, ಎದೆ ತಡೆಯುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರಂತೆ. ವಾಂತಿ ಮಾಡಿಸಿದರೆ ಅತ್ತಿಗೆ ಉಳಿಯುತ್ತಾಳೋ ಇಲ್ಲವೋ. ಕೆಂಪಾಜತ್ತೆ ಮಿಷನ್ನನ್ನು ಬಿಟ್ಟು ಬೇರೆ ಯಾರನ್ನೂ ನಂಬುವುದಿಲ್ಲ.

ಸೆಪ್ಟೆಂಬರ್ 3, ಬುಧವಾರ

ದೀಪಳನ್ನು ಎತ್ತಿಕೊಂಡು ನಾನೂ ಜೊತೆಗೆ ಹೊರಟೆ. ಹನೂರಿನ ಬಸ್ ನಿಲ್ದಾಣದಲ್ಲಿ ಕೊಳ್ಳೇಗಾಲದ ಬಸ್ಸು ನಿಂತಿತ್ತು. ಅದರಲ್ಲಿ ಹೋಗಿ ಅಲ್ಲಿಂದ ಯಳಂದೂರಿನ ಬಸ್ಸು ಹಿಡಿಯುವುದು ಕೆಂಪಾಜತ್ತೆಯ ಲೆಕ್ಕ. ಅವರು ಸೀಟು ಹಿಡಿಯಲು ಮೊದಲು ಹತ್ತಿದರು. ಎದುರಿಗೆ, ಚೆಕ್‌ಪೋಸ್ಟಿನ ದಾರಿಯಲ್ಲಿ ಹೋಗುವ ರಾಮಾಪುರದ ಬಸ್ಸು ಹೊರಟು ನಿಂತಿತ್ತು. ನಾನು ದೀಪಳನ್ನು ಎಡಗಂಕುಳಿಗೆ ಬದಲಿಸಿ ಅತ್ತಿಗೆಯ ಕೈ ಹಿಡಿದುಕೊಂಡೆ.

"ಮುಟ್ಟಬ್ಯಾಡ ಬಸಮಣಿ, ಮುಟ್ಟಬ್ಯಾಡ."

ಬಿಡಲಿಲ್ಲ. ಎಳೆದುಕೊಂಡು ರಾಮಾಪುರದ ಬಸ್ಸು ಹತ್ತಿದೆ. ಕೆಂಪಾಜತ್ತೆ ಕಿಟಕಿಯಿಂದ ಕಂಡು, "ಲೇ, ನನ್ ಮಗ್ಳ ಎಲ್ಗೆ ಎತ್ತಾಕಂಡೋಯ್ತೀಯೆ?" ಅಂತ ಕೂಗುತ್ತಾ ಇಳಿದು ಓಡಿ ಬಂದು, ಹೊರಟ ಬಸ್ಸನ್ನೇ ಹತ್ತಿದರು. ದಾರಿಯುದ್ದಕ್ಕೂ ಬೈದರು. ನಾನು ಕಂಬಿ ಹಿಡಿದು ನಿಂತಿದ್ದೆ.

ಚೆಕ್‌ಪೋಸ್ಟಿನಲ್ಲಿ ಸಾಹೇಬರು ಬಂದಿದ್ದರು. ಕನ್ನಡಕದ ಹುಡುಗ, ನಮ್ಮಣ್ಣನಿಗಿಂತ ಚಿಕ್ಕವರು. ಮಿಷನ್ನು ದೂರದಿಂದಲೇ ಕಿರುಚಿತು. ಪುಟ್ಟಮಾದಪ್ಪ, "ಇವ್ಳೇ ಸಾ, ಮೊನ್ನೆ ಯೋಳಿದ್ನಲ್ಲ" ಅಂತ ಶುರು ಮಾಡಿದ. ಕೆಂಪಾಜತ್ತೆ, "ಒಟ್ಟೇಲದೆ ಸಾ" ಅಂದರು. ಬಸ್ಸಿನ ಜನ ಇಳಿದು ಸುತ್ತ ನಿಂತಿತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

"ಸಾ, ಕತ್ತಿಗೆ ಹಿಡೀರಿ" ಅಂದೆ.

ಯಾರೂ ಕೇಳಿಸಿಕೊಳ್ಳಲಿಲ್ಲ. ಮತ್ತೆ ಅಂದೆ. ಮೂರನೆಯ ಸಲ ಕೂಗಿದೆ. ದೀಪ ಹೆದರಿ ಅತ್ತಳು, ಜನ ಸುಮ್ಮನಾಯಿತು.

"ನಮ್ಮತ್ತಿಗೆ ಬೆಂಗ್ಳೂರಾಸ್ಪತ್ರೇಲಿ ಗಂಟ್ಲಿಗೆ ಔಸ್ದಿ ಕುಡ್ದವ್ಳೆ ಸಾ. ಕತ್ತಿಗೆ ಹಿಡ್ದು ನೋಡಿ, ಒಟ್ಟೆಗೂ ಹಿಡ್ದು ನೋಡಿ."

ಸಾಹೇಬರು ಅತ್ತಿಗೆಯ ಮುಖ ನೋಡಿದರು, ಕಣ್ಣು ನೋಡಿದರು. "ಸೆರಗು ತೆಗೀತೀರಾ ಅಮ್ಮ?" ಅಂದರು. ಮಿಷನ್ನಿನ ಗುಂಡಿ ತಿರುಗಿಸಿ ಅದರ ಚುರುಕು ತಗ್ಗಿಸಿ, ಹೊಟ್ಟೆಯ ಹತ್ತಿರ ಹಿಡಿದರು. ಲೊಚ ಲೊಚ ಅಂದಿತು. ನಿಧಾನವಾಗಿ ಮೇಲಕ್ಕೆ ತಂದರು. ಎದೆಯ ಹತ್ತಿರ ಸದ್ದು ಒತ್ತಾಯಿತು. ಕತ್ತಿಗೆ ಬಂದಾಗ ಒಂದೇ ಸಮ ಕಿರುಚಿತು. ಕೆಳಗಿಳಿಸಿದರೆ ತಗ್ಗಿತು, ಏರಿಸಿದರೆ ಏರಿತು. ಎಲ್ಲರೂ ನೋಡಲಿ ಅಂತ ಎರಡು ಸಲ ಮಾಡಿದರು.

"ಇದು ಥೈರಾಯ್ಡ್ ಔಷಧಿ. ಕಳ್ಳಮಾಲೂ ಅಲ್ಲ, ಏನೂ ಅಲ್ಲ. ಇವರನ್ನು ಬಿಡ್ರೀ" ಅಂದರು.

"ಅಂಗಾರೆ ಒಟ್ಟೇಲಿಲ್ವಾ ಸಾ?" ಅಂದರು ಕೆಂಪಾಜತ್ತೆ.

"ಇಲ್ಲಮ್ಮ."

ಕೆಂಪಾಜತ್ತೆ ಪಕ್ಕದವಳಿಗೆ ಹೇಳಿದರು: "ಅಂಗಾರೆ ಮ್ಯಾಲಕ್ಕೆ ಬಂದದೆ. ಇನ್ನೇನ್ ಬಾಯ್ಗೆ ಬತ್ತದೆ, ಉಗುದ್ರೆ ಓಯ್ತದೆ." ಪುಟ್ಟಮಾದಪ್ಪ ಬಾಯಿಗೆ ಕೈ ಅಡ್ಡ ಹಿಡಿದ.

ಸೊಪ್ಪಿನ ರಸದ ಮಾತನ್ನು ನಾನೇ ಎತ್ತಿದೆ. ಕುಡಿಸಿದರೆ ಏನಾಗುತ್ತದೆ ಸಾ ಅಂತ ಕೇಳಿದೆ. ಸಾಹೇಬರ ಮುಖ ಗಟ್ಟಿಯಾಯಿತು. "ಕುಡಿಸಿದರೆ ಮಗಳನ್ನು ಕಳೆದುಕೊಳ್ಳುತ್ತೀರಿ" ಅಂತ ಕೆಂಪಾಜತ್ತೆಗೇ ಹೇಳಿದರು. ಅವರು ಮಿಷನ್ನನ್ನು ನೋಡಿದರು, ಮಗಳನ್ನು ನೋಡಿದರು, "ಬ್ಯಾಡ ಬುಡಿ" ಅಂದರು.

ಬಸ್ಸು ಹಾರ್ನ್ ಹೊಡೆಯಿತು. ಅತ್ತಿಗೆ ಅಲ್ಲಾಡಲಿಲ್ಲ. "ಸಾ, ಮಗೀನ?" ಅಂದಳು.

ಸಾಹೇಬರಿಗೆ ಮೊದಲು ಅರ್ಥವಾಗಲಿಲ್ಲ. ನಾನು ದೀಪಳನ್ನು ಮುಂದೆ ಮಾಡಿ ತೋರಿಸಿದೆ. ಔಷಧಿ ಕುಡಿದು ಎಷ್ಟು ದಿನವಾಯಿತು ಅಂತ ಕೇಳಿದರು. ಮಿಷನ್ನನ್ನು ತೋಳಿನಷ್ಟು ದೂರ ಹಿಡಿದು ಮುಳ್ಳು ನೋಡಿದರು.

"ಎತ್ತಿಕೊಳ್ಳಿ ಅಮ್ಮ. ಇದಕ್ಕೆ ನಾಯಿಗಿಂತ ಮೂಗು ಚುರುಕು, ಒಂದು ಚೂರು ಉಳಿದಿದ್ದರೂ ಕೂಗುತ್ತೆ. ಮಗುವಿಗೆ ಇನ್ನು ಏನೂ ಆಗೋದಿಲ್ಲ."

ಅತ್ತಿಗೆ ಎರಡು ಕೈ ಚಾಚಿದಳು. ದೀಪ ಹೋಗಲಿಲ್ಲ. ನನ್ನ ಕತ್ತು ತಬ್ಬಿ ಮುಖ ತಿರುಗಿಸಿಕೊಂಡಳು. ಮೂರು ವಾರದಿಂದ ದೂರ ದೂರ ಅಂದವಳ ಹತ್ತಿರ ಮಗು ಹೇಗೆ ಹೋಗುತ್ತದೆ? ಅತ್ತಿಗೆಯ ಕೈ ಚಾಚಿದ್ದು ಹಾಗೇ ಇತ್ತು. ನಾನು ದೀಪಳ ಬೆರಳುಗಳನ್ನು ನನ್ನ ರವಿಕೆಯಿಂದ ಒಂದೊಂದಾಗಿ ಬಿಡಿಸಿದೆ. ಬಿಡಿಸಿದ ಹಾಗೆ ಮತ್ತೆ ಹಿಡಿಯುತ್ತಿದ್ದಳು. ಕೊನೆಗೆ ಅತ್ತಿಗೆಯ ಎದೆಗೆ ಒತ್ತಿ ಕೊಟ್ಟು, ಬಸ್ಸಿನ ಹಿಂದಕ್ಕೆ ಹೋಗಿ ನಿಂತೆ, ನಾನು ಕಾಣದಿದ್ದರೆ ಸುಮ್ಮನಾದಾಳು ಅಂತ.

ದೀಪ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಸದ್ದಿಲ್ಲ. ಇಣುಕಿ ನೋಡಿದೆ. ಅತ್ತಿಗೆಯ ಕತ್ತಿನ ಊತವನ್ನು ಒಂದು ಬೆರಳಿನಿಂದ ಒತ್ತಿ ನೋಡುತ್ತಿದ್ದಳು.

ಸೆಪ್ಟೆಂಬರ್ 28, ಭಾನುವಾರ, ಹೂಗ್ಯಂ

ಬಹಳ ದಿನ ಬರೆಯಲಿಲ್ಲ. ಹೊಸ ಹುಳ ತಂದಿದ್ದೇವೆ, ಸೊಪ್ಪು ಹೆಚ್ಚಿ ಹಾಕುವುದರಲ್ಲೇ ದಿನ ಹೋಗುತ್ತದೆ. ಅತ್ತಿಗೆ ಕೈ ನಡುಗದೆ ಸೊಪ್ಪು ಹೆಚ್ಚುತ್ತಾಳೆ.

ಕೆಂಪಾಜತ್ತೆ ಹೇಳಿ ಕಳಿಸಿದ್ದರು, ಎಲ್ಲರೂ ಬನ್ನಿ ಅಂತ. ಹುಳ ಬಿಟ್ಟು ಅವ್ವ ಬರುವ ಹಾಗಿಲ್ಲ. ಅಣ್ಣ, ಅತ್ತಿಗೆ, ದೀಪ, ನಾನು ಬಂದೆವು. ಕಳುವಾಗಿದ್ದ ಆ ಫೋಟೋ ಪೆಟ್ಟಿಗೆ ಗುಜರಿಯವನ ಹತ್ತಿರ ಸಿಕ್ಕಿತಂತೆ, ಸಾಹೇಬರು ಮಿಷನ್ನು ತೆಗೆದುಕೊಂಡು ಹೋಗಿದ್ದಾರೆ. ಚೆಕ್‌ಪೋಸ್ಟಿನಲ್ಲಿ ಮತ್ತೆ ಅಕ್ಕಿ ಮೂಟೆಯನ್ನೇ ಹುಡುಕುತ್ತಿದ್ದಾರೆ. ಪುಟ್ಟಮಾದಪ್ಪ ಅತ್ತಿಗೆಯನ್ನು ಕಂಡು ಬಾಯಲ್ಲೇ ಕೂಯ್ ಅಂದ. ಅತ್ತಿಗೆ ನಕ್ಕಳು.

ಬಸ್ಸಿನಲ್ಲಿ ಒಬ್ಬಳು ನನ್ನನ್ನೇ ನೋಡುತ್ತಿದ್ದವಳು ಕೇಳಿದಳು, "ಮದ್ದಾಕಿದ್ದ ಉಡುಗಿ ನೀನೇ ಅಲ್ವಾ?"

"ಊಂ ಕಣಕ್ಕ. ಒಂದಿನ ಊಟಕ್ಕೆ ಬಾ" ಅಂದೆ.

ಪಕ್ಕದವರೆಲ್ಲ ನಕ್ಕರು. ಅವಳೂ ನಕ್ಕಳು. ಇಳಿಯುವಾಗ ಮಾತ್ರ ನನ್ನ ಸೀಟಿನ ಪಕ್ಕ ಬಾರದೆ ಹಿಂದಿನ ಬಾಗಿಲಿಂದ ಇಳಿದಳು. ಇಳಿಯಲಿ.

ಯಳಂದೂರಿನಿಂದ ಏನೂ ಸುದ್ದಿ ಇಲ್ಲ. ಛತ್ರಿ ಮಡಿಸುವುದನ್ನು ನೋಡಿ ಆಳು ಹೇಗೆ ಅಂತ ತಿಳಿಯುವುದಿಲ್ಲ.

ಕೆಂಪಾಜತ್ತೆ ಹುರುಳಿ ಸಾರು ಮಾಡಿದ್ದರು. ನನ್ನ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಬೇರೆಯವರಿಗೆ ಬಡಿಸಲು ಹೋಗದೆ ನನ್ನ ಎದುರಿಗೇ ಕುಕ್ಕರಗಾಲಿನಲ್ಲಿ ಕುಳಿತರು. ನನ್ನ ತಟ್ಟೆಯಿಂದ ಒಂದು ತುತ್ತು ಮುರಿದರು. ಸಾರಿನಲ್ಲಿ ಅದ್ದಿ, ನನ್ನ ಮುಖ ನೋಡುತ್ತಾ, ತಮ್ಮ ಬಾಯಿಗೆ ಹಾಕಿಕೊಂಡರು. ಅಣ್ಣ ಉಣ್ಣುವುದನ್ನು ನಿಲ್ಲಿಸಿ ನೋಡಿದ.

ಅವರು ಅದನ್ನು ನುಂಗುವ ಮೊದಲೇ ನಾನು ಎರಡು ತುತ್ತು ಉಂಡಾಗಿತ್ತು.

ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಿತ್ತು. ಹೇಳಿದೆ. "ಅಂಗಾ?" ಅಂತ ಎದ್ದು ಹೋಗಿ ತಂದು ಹಾಕಿದರು.